ತಂಗಿಯ ಗಾಡಿ ನನ್ನ ಅಂಗಳದಲ್ಲಿದ್ದ ಐದು ವಾರ

ಅಪ್ಪ ತನ್ನ ಹಳೇ ಮೋಟಾರ್‌ಸೈಕಲ್ಲಿನ ಕೀ ತೆಗೆದು ತಂಗಿಯ ಕೈಗಿಟ್ಟಾಗ ನಾನು ಬಾಗಿಲ ಹತ್ತಿರ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ. ಮೊದಲ ಶಿಫ್ಟಿಗೆ ಹೊರಡುವ ಹೊತ್ತು, ಫ್ಯಾಕ್ಟರಿ ಬಸ್ಸು ಇನ್ನೇನು ಬರಬೇಕು.

“ಇನ್ಮೇಲೆ ಇದು ನಿಂದು ಕಣಮ್ಮ,” ಅಂದ ಅಪ್ಪ. ಆಮೇಲೆ ಏನೋ ನೆನಪಾದವನ ಹಾಗೆ ನನ್ನ ಕಡೆ ತಿರುಗಿ, “ನಿಂಗೆ ಬೇಡ ಅಲ್ವೇನಪ್ಪಾ?” ಅಂತ ಕೇಳಿದ.

“ನಂಗ್ಯಾಕೆ ಆ ಡಬ್ಬ,” ಅಂದೆ. ಲೇಸನ್ನು ಎಷ್ಟು ಬಿಗಿದಿದ್ದೆ ಅಂದರೆ ಟೀ ಹೊತ್ತಿಗೆ ಪಾದ ಜೋಮು ಹಿಡಿದಿತ್ತು.

ಐವತ್ತು ದಾಟಿದವನು ನಾನು. ಈ ವಯಸ್ಸಿನಲ್ಲಿ ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಅಂತ ಬರೆಯುವುದಕ್ಕೆ ನಾಚಿಕೆ. ಪಟ್ಟಿದ್ದಂತೂ ನಿಜ. ವೇಮಗಲ್ ಪಕ್ಕದ ನಮ್ಮ ಹಳ್ಳಿಯಲ್ಲಿ ಅಪ್ಪ ಇರುವುದು ನನ್ನ ಜೊತೆ. ಕಣ್ಣಿನ ಆಪರೇಷನ್ನಿಗೆ ಕೋಲಾರಕ್ಕೆ ಕರೆದುಕೊಂಡು ಹೋದವನು ನಾನು. ಹಲ್ಲಿಲ್ಲದ ಬಾಯಿಗೆ ಹಿತವಾಗಲಿ ಅಂತ ಮುದ್ದೆಯನ್ನು ಮೆತ್ತಗೆ ತಿರುವುವವಳು ನನ್ನ ಹೆಂಡತಿ. ತಂಗಿ ಇರುವುದು ಆಂಧ್ರದ ಗಡಿಗೆ ಅಂಟಿಕೊಂಡ ರಾಯಲ್ಪಾಡಿನಲ್ಲಿ. ಅಲ್ಲಿನ ಪಶು ಆಸ್ಪತ್ರೆಯಲ್ಲಿ ಕೆಲಸ, ಗಂಡನದು ಮಾವಿನ ತೋಟ. ಎರಡು ತಿಂಗಳಿಗೊಮ್ಮೆ ಬಂದು, ಒಂದು ರಾತ್ರಿ ಇದ್ದು ಹೋಗುತ್ತಾಳೆ. ಹಾಗೆ ಬಂದವಳ ಕೈಗೆ ಕೀ ಹೋಯಿತು.

ಆ ಗಾಡಿಯನ್ನು ಈಗಿನವರು ಕಂಡಿರಲಾರರು. ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿ. ನಿಲ್ಲಿಸಿ ಕಿಕ್ ಹೊಡೆದು, ಸ್ಟಾರ್ಟ್ ಆದಮೇಲೆ ಅದನ್ನೇ ಮುಂದಕ್ಕೆ ಮಡಚಿ ಗೇರು ಹಾಕಬೇಕು. ಎರಡು ಕಡೆ ಎರಡು ಸೈಲೆನ್ಸರು, ಆರು ವೋಲ್ಟಿನ ಬ್ಯಾಟರಿ. ಅಪ್ಪ ಅದರ ಮೇಲೆ ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದ. ಊರಿನ ಮೂಲೆಯಲ್ಲಿ ಅದರ ಸದ್ದು ಕೇಳಿದರೆ ಅಮ್ಮ ಸಾರು ಬಿಸಿಗಿಡುತ್ತಿದ್ದಳು.

ಚಿಕ್ಕವರಿದ್ದಾಗ ಭಾನುವಾರ ಅಪ್ಪ ಗಾಡಿ ಬಿಚ್ಚಿ ಕೂತರೆ ಪಕ್ಕದಲ್ಲಿ ಕೂರುತ್ತಿದ್ದವಳು ತಂಗಿ. ನನ್ನನ್ನು ಹುಳುಮನೆಗೆ ಅಟ್ಟುತ್ತಿದ್ದರು. “ನೀನು ದೊಡ್ಡೋನು, ಹುಳಕ್ಕೆ ಸೊಪ್ಪು ಹಾಕೋಗು.” ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮಳೆ ಬಿದ್ದಂತೆ ಸದ್ದು ಬರುತ್ತದೆ. ಆ ಸದ್ದಿನ ಮಧ್ಯೆ ನನಗೆ ಅಂಗಳದ ಮಾತು ಕೇಳುತ್ತಿತ್ತು. “ಪ್ಲಗ್ ಕಪ್ಪಗಿದ್ರೆ ಏನಮ್ಮ? ಬೆಳ್ಳಗಿದ್ರೆ ಏನು?” ಅವಳು ಹೇಳುತ್ತಿದ್ದಳು, ಅಪ್ಪ ನಗುತ್ತಿದ್ದ. ನಾನು ಸೊಪ್ಪನ್ನು ತಟ್ಟೆಗೆ ಎರಚುತ್ತಿದ್ದೆ. ಆಗಲೇ ಇರಬೇಕು, ಅದನ್ನು ಡಬ್ಬ ಅಂತ ಕರೆಯಲು ಶುರು ಮಾಡಿದ್ದು.

ಮುಂದೆ ಐ.ಟಿ.ಐ. ಮಾಡಿ ಎಲೆಕ್ಟ್ರಿಷಿಯನ್ ಆದವನು ನಾನು. ವೇಮಗಲ್ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷಗಳಿಂದ ಮೆಂಟೆನೆನ್ಸ್ ಕೆಲಸ. ಮೆಷಿನ್ನು ನಿಂತರೆ ಇಂಜಿನಿಯರುಗಳೇ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆದರೂ ಮನೆಯಲ್ಲಿ ಗಾಡಿ ಕೆಮ್ಮಿದರೆ ಅಪ್ಪ ಫೋನು ಮಾಡುತ್ತಿದ್ದದ್ದು ರಾಯಲ್ಪಾಡಿಗೆ.

ತಂಗಿ ಗಾಡಿ ತೆಗೆದುಕೊಂಡು ಹೋಗಿ ಮೂರು ತಿಂಗಳು ಕೆಲಸ ಮಾಡಿಸಿದಳು. ಬಾಡಿಯನ್ನೆಲ್ಲ ಬಿಚ್ಚಿಸಿ, ತುಕ್ಕು ಉಜ್ಜಿಸಿ, ಕಡುಗೆಂಪು ಪೇಂಟು ಹೊಡೆಸಿದಳು. ಟ್ಯಾಂಕಿಗೆ ಕ್ರೋಮು. ಮಾವಿನ ಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಅವಳು ಸೀರೆ ಸಿಕ್ಕಿಸಿಕೊಂಡು ಹೆಲ್ಮೆಟ್ ಹಾಕಿ ತೋಟದ ದಾರಿಯಲ್ಲಿ ಓಡಿಸುವ ವಿಡಿಯೋ ಯಾರ‍್ಯಾರದೋ ಫೋನಿಗೆ ಹೋಯಿತು. “ಎಷ್ಟು ಚೆನ್ನಾಗಿ ಕಾಣ್ತಾಳೆ ನೋಡ್ರೀ,” ಅಂತ ಹೆಂಡತಿ ನನಗೇ ತೋರಿಸಿದಳು. ಚಾರ್ಜು ಕಮ್ಮಿ ಇದೆ ಅಂತ ಫೋನು ವಾಪಸ್ ಕೊಟ್ಟೆ.

ಒಂದು ಸಂಜೆ ಅವಳ ಫೋನು ಬಂತು.

“ಅಣ್ಣ, ಗಾಡಿ ತಿಕ್ಕಲು ಹಿಡ್ದಂಗೆ ಆಡ್ತೈತೆ. ಐದಾರು ಕಿಲೋಮೀಟ್ರು ಹೋದ್ರೆ ಟಕ್ ಅಂತ ಆಫ್. ಹತ್ತು ನಿಮಿಷ ಬಿಟ್ರೆ ಮತ್ತೆ ಸ್ಟಾರ್ಟ್. ಶ್ರೀನಿವಾಸಪುರದ ಮೆಕ್ಯಾನಿಕ್ಕು ಪ್ಲಗ್ ಬದಲಾಯ್ಸಿದ, ಕಾಯಿಲ್ ಬದಲಾಯ್ಸಿದ, ಕಂಡೆನ್ಸರ್ ಬದಲಾಯ್ಸಿದ. ಊಹೂಂ.”

“ಹಾರ್ನ್ ಒತ್ತಿದ್ರೆ ಏನಾಗುತ್ತೆ?”

“ಇಂಜಿನ್ನು ಒದ್ದಾಡುತ್ತೆ. ಬ್ರೇಕ್ ತುಳಿದ್ರೆ ಹೆಡ್‌ಲೈಟ್ ಮಂಕಾಗುತ್ತೆ.”

ಅಷ್ಟು ಕೇಳಿದ ತಕ್ಷಣ ನನಗೆ ಗೊತ್ತಾಯಿತು. ಹಳೇ ಗಾಡಿಗಳಲ್ಲಿ ಪ್ರತಿ ಲೈಟಿಗೂ ಒಂದೊಂದೇ ವೈರು ಹೋಗುತ್ತದೆ. ಕರೆಂಟು ವಾಪಸ್ ಬರುವ ದಾರಿ ಗಾಡಿಯ ಕಬ್ಬಿಣದ ಮೈ. ಆ ಮೈಯಿಂದ ಬ್ಯಾಟರಿಗೆ ಒಂದು ವೈರನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ, ಅದಕ್ಕೆ ಅರ್ತ್ ಅನ್ನುತ್ತೇವೆ. ಅವಳು ಹೊಡೆಸಿದ ಚೆಂದದ ಪೇಂಟು ಆ ಬೋಲ್ಟಿನ ಕೆಳಗೂ ಕೂತಿತ್ತು. ಪೇಂಟಿನ ಮೇಲೆ ಕೂತ ಅರ್ತು ಗಾಡಿ ಅಲುಗಿದಾಗ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. “ಸೀಟು ಎತ್ತು, ಬೋಲ್ಟು ಬಿಚ್ಚು, ಪೇಂಟು ಕೆರೆದು ಮತ್ತೆ ಬಿಗಿ.” ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು.

“ವೈರಿಂಗ್ ಪೂರ್ತಿ ಹಾಳಾಗಿರ್ಬೇಕು,” ಅಂದೆ. “ಅಲ್ಲಿ ಯಾರ್ಗೂ ಆಗಲ್ಲ. ಇಲ್ಲಿಗೆ ಕಳ್ಸು.”

ಟೊಮೆಟೊ ಸಾಗಿಸುವ ಪಿಕಪ್ಪಿನಲ್ಲಿ ಗಾಡಿ ಬಂತು, ಜೊತೆಗೆ ತಂಗಿಯೂ ಬಂದಳು. ಡ್ರೈವರು “ಎಕ್ಕಡ ದಿಂಚಾಲ ಅಕ್ಕಾ?” ಅಂತ ತಂಗಿಯನ್ನು ಕೇಳಿದ. ಎಲ್ಲಿ ಇಳಿಸಬೇಕು ಅಂತ ಅವಳು ಹೇಳುವ ಮೊದಲೇ ನಾನು ಹುಣಸೆಮರದ ನೆರಳು ತೋರಿಸಿದೆ. ಅವಳು ಹೊರಡುವಾಗ ಗಾಡಿಯ ಸೀಟು ಸವರಿ, “ನಿನ್ನ ಕೈಗೆ ಬಂತಲ್ಲ, ಇನ್ನು ನಂಗೆ ಯೋಚ್ನೆ ಇಲ್ಲ ಅಣ್ಣ,” ಅಂದಳು. ಅಷ್ಟು ನಂಬಿದ್ದಳು. ಅದಕ್ಕಾದರೂ ನನ್ನ ಮನಸ್ಸು ಕರಗಬೇಕಿತ್ತು.

ಮರುದಿನವೇ ಭಾನುವಾರ. ಸೀಟು ಎತ್ತಿ, ಬೋಲ್ಟು ಬಿಚ್ಚಿ, ಚಾಕುವಿನ ತುದಿಯಿಂದ ಪೇಂಟು ಕೆರೆದೆ. ಕೆಳಗೆ ಬೆಳ್ಳನೆಯ ಕಬ್ಬಿಣ ಕಂಡಿತು. ಮರಳು ಕಾಗದದಲ್ಲಿ ಉಜ್ಜಿ, ಗ್ರೀಸು ಸವರಿ, ಬಿಗಿದೆ. ಎರಡನೇ ಕಿಕ್ಕಿಗೆ ಇಂಜಿನ್ನು ಎದ್ದಿತು. ಹಾರ್ನ್ ಒತ್ತಿದೆ, ಒದ್ದಾಡಲಿಲ್ಲ. ಅರ್ಧ ಗಂಟೆಯ ಕೆಲಸ. ಆದರೆ ಕೈ ಅಷ್ಟಕ್ಕೆ ನಿಲ್ಲಲಿಲ್ಲ. ವೈರುಗಳು ಅಲ್ಲಲ್ಲಿ ಜೋತಾಡುತ್ತಿದ್ದವು. ಅವನ್ನೆಲ್ಲ ಎಳೆದು, ಒಪ್ಪವಾಗಿ ಜೋಡಿಸಿ, ಫ್ಯಾಕ್ಟರಿಯ ಪ್ಯಾನೆಲ್ಲಿನಲ್ಲಿ ಮಾಡುವ ಹಾಗೆ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿಯಾಗಿ ಕಟ್ಟಿದೆ. ಅವಳ ಮೆಕ್ಯಾನಿಕ್ಕಿಗೆ ಇದು ಬರುತ್ತಾ ಅಂದುಕೊಂಡೆ.

ಆ ಸಂಜೆ ಅವಳು ಫೋನು ಮಾಡಿದಳು. “ಸಿಕ್ತಾ ಅಣ್ಣ?”

“ಇನ್ನೂ ಇಲ್ಲ,” ಅಂದೆ. ಅಪ್ಪ ಜಗುಲಿಯ ಮೇಲೆ ಕೂತಿದ್ದ. ಕಣ್ಣು ಮಂಜಾದರೂ ಅವನ ಕಿವಿ ಚುರುಕು.

ಹೀಗೆ ನಾಲ್ಕು ವಾರ ಸುಳ್ಳು ಹೇಳಿದೆ. ಪ್ರತಿ ಭಾನುವಾರ ಬೆಳಗ್ಗೆ “ಟ್ರಯಲ್ ನೋಡ್ತೀನಿ” ಅಂತ ಹೊರಡುತ್ತಿದ್ದೆ. ನರಸಾಪುರ ದಾಟಿ ಮಾಲೂರಿನ ಕಡೆ ಹೋದರೆ ದಾರಿಯುದ್ದಕ್ಕೂ ಇಟ್ಟಿಗೆ ಗೂಡುಗಳು, ಹೊಗೆ ಕೊಳವೆಗಳು. ಮೊದಲ ಸಲ ಆ ದಾರಿಯಲ್ಲಿ ಹೋದಾಗ ಎದೆ ಉಬ್ಬಿತ್ತು. ಇಂಜಿನ್ನಿನ ಬಿಸಿ ಮಂಡಿಗೆ ತಾಗುತ್ತಿದ್ದರೆ ನಾನೇ ಅಪ್ಪ ಆದ ಹಾಗೆ.

“ನಿಮ್ಮ ಟ್ರಯಲ್ಲು ಮಾಲೂರು ತನಕ ಹೋಗ್ಬೇಕಾ?” ಅಂತ ಹೆಂಡತಿ ಒಮ್ಮೆ ಕೇಳಿದಳು. ಬಿಸಿಯಾದಮೇಲೆ ನಿಲ್ಲುತ್ತಾ ಅಂತ ನೋಡಬೇಕಲ್ಲ ಅಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ಮೂರನೇ ಭಾನುವಾರ ಮಾಲೂರು ಸ್ಟೇಷನ್ನಿನ ಹತ್ತಿರ ಟೀ ಕುಡಿಯಲು ನಿಲ್ಲಿಸಿದೆ. ಬೆಂಗಳೂರಿನ ರೈಲಿಗೆ ಕಾಯುತ್ತಿದ್ದ ಒಬ್ಬ ಎದ್ದು ಬಂದು ಗಾಡಿಯನ್ನು ಎರಡು ಸುತ್ತು ಸುತ್ತಿದ. ಯಾರಾದರೂ ಹೀಗೆ ಬರಲಿ ಅಂತ ಎರಡು ವಾರದಿಂದ ಕಾಯುತ್ತಿದ್ದೆ. ಬೆನ್ನು ನೆಟ್ಟಗೆ ಮಾಡಿಕೊಂಡೆ.

“ಸಾರ್, ಇದು ರಾಯಲ್ಪಾಡು ಮೇಡಂ ಗಾಡಿ ಅಲ್ವಾ? ವಿಡಿಯೋದಲ್ಲಿ ನೋಡಿದೀನಿ. ನೀವು ಅವ್ರ ಮೆಕ್ಯಾನಿಕ್ಕಾ?”

ಅರ್ಧ ಟೀ ಚೆಲ್ಲಿ ಹೊರಟೆ. ಅವಳು ನಲವತ್ತು ಮೈಲಿ ಆಚೆ ಯಾವುದೋ ಹಸುವಿಗೆ ಇಂಜೆಕ್ಷನ್ ಕೊಡುತ್ತಿದ್ದಳೋ ಏನೋ, ನನ್ನ ಕೈಯಲ್ಲಿದ್ದಾಗಲೂ ಗಾಡಿ ಅವಳದೇ ಆಗಿತ್ತು. ದಾರಿಯುದ್ದಕ್ಕೂ ಆ ಮನುಷ್ಯನನ್ನು ಬೈದೆ. ಆಮೇಲೆ ಅವಳನ್ನೂ ಬೈದೆ.

ಐದನೇ ವಾರ ನಾನು ಹೊರಡುವಾಗ ಅಪ್ಪ ಬಿಳಿ ಷರಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ.

“ನನ್ನೂ ಒಂದು ಟ್ರಯಲ್ ಕರ್ಕೊಂಡ್ ಹೋಗೋ.”

“ಎಲ್ಲಿಗಪ್ಪ?”

“ಮುಳಬಾಗಿಲಿಗೆ ಹೋಗೋಣ. ದೋಸೆ ತಿಂದು ಎಷ್ಟೋ ವರ್ಷ ಆಯ್ತು.”

ಅವನನ್ನು ಹಿಂದೆ ಕೂರಿಸಿಕೊಂಡು ಹೊರಟಾಗ ಲೋಕದಲ್ಲಿ ಇನ್ಯಾರೂ ಇಲ್ಲ ಅನ್ನಿಸಿತು. ಕೋಲಾರ ದಾಟಿದೆವು. ಹೈವೇಯಲ್ಲಿ ಲಾರಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ನನಗೆ ಅವಸರ ಇರಲಿಲ್ಲ. ಅಪ್ಪ ಆಗಾಗ ಕಿವಿಯ ಹತ್ತಿರ ಬಂದು, “ಮೂರನೇ ಗೇರಿಗೆ ಹಾಕು… ಈಗ ಬಿಡು,” ಅನ್ನುತ್ತಿದ್ದ. ಹುಳುಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದ ಮಾತು ಇಷ್ಟು ವರ್ಷದ ಮೇಲೆ ನನಗಾಗಿ ಬರುತ್ತಿತ್ತು.

ಮುಳಬಾಗಿಲು ಇನ್ನು ಏಳೆಂಟು ಕಿಲೋಮೀಟರು ಇರುವಾಗ ಇಂಜಿನ್ನು ಟಕ್ ಅಂತ ನಿಂತಿತು.

ಬೇವಿನ ಮರದ ಕೆಳಗೆ ತಳ್ಳಿಕೊಂಡು ಬಂದೆ. ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಇಲ್ಲ. ಅರ್ತ್ ಬೋಲ್ಟು ನೋಡಿದೆ, ಗಟ್ಟಿಯಾಗಿತ್ತು. ಚೀಲದಿಂದ ಕರೆಂಟು ಅಳೆಯುವ ಮೀಟರು ತೆಗೆದು ಕಾಯಿಲ್ ಹತ್ತಿರ ಹಿಡಿದೆ, ಆರು ವೋಲ್ಟು ಸರಿಯಾಗಿ ತೋರಿಸಿತು. ಇಂಜಿನ್ನಿನ ಪಕ್ಕದ ಮುಚ್ಚಳ ತೆಗೆದು ಪಾಯಿಂಟನ್ನು ಮರಳು ಕಾಗದದಲ್ಲಿ ಉಜ್ಜಿದೆ. ಕಿಡಿ ಕೊಡುವುದು ಆ ಪುಟ್ಟ ಪಾಯಿಂಟೇ, ತೆರೆದು ಮುಚ್ಚುತ್ತಾ ಇರುತ್ತದೆ. ವೈರುಗಳನ್ನೆಲ್ಲ ಕಣ್ಣಲ್ಲೇ ತಡವಿದೆ, ಎಲ್ಲೂ ಕಡಿದಿರಲಿಲ್ಲ. ಬಿಸಿಲೇರಿತು, ಷರಟು ಬೆನ್ನಿಗೆ ಅಂಟಿತು. ಇಪ್ಪತ್ತು ವರ್ಷದ ಎಲೆಕ್ಟ್ರಿಷಿಯನ್ನು ಅಪ್ಪನ ಎದುರಿಗೆ ಅದೇ ನಾಲ್ಕು ಜಾಗವನ್ನು ಮತ್ತೆ ಮತ್ತೆ ಮುಟ್ಟುತ್ತಿದ್ದೆ.

“ಕಾಯಿಲ್ ಹೋಗಿದೆ ಅನ್ಸುತ್ತೆ,” ಅಂದೆ.

ಅಪ್ಪ ಜೇಬಿನಿಂದ ಫೋನು ತೆಗೆದ. ಬೇಡ ಅನ್ನುವಷ್ಟರಲ್ಲಿ ತಂಗಿಯ ಜೊತೆ ಮಾತಾಡಿಯೇಬಿಟ್ಟ. “ಅಮ್ಮಾ, ಮುಳಬಾಗಿಲು ರೋಡಲ್ಲಿ ನಿಂತಿದೀವಿ. ಹೂಂ, ಗಾಡಿ ಮೇಲೇ ಬಂದ್ವಿ. ಬರ‍್ತೀಯಾ?”

ಅವಳು ಸ್ಕೂಟರಿನಲ್ಲಿ ಬರಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ನಾನು ಇನ್ನೂ ಎರಡು ಸಲ ಎಲ್ಲವನ್ನೂ ಪರೀಕ್ಷೆ ಮಾಡಿದೆ. ಅವಳು ಬರುವ ಮೊದಲು ಸ್ಟಾರ್ಟ್ ಆಗಿಬಿಡಲಿ ಅಂತ ಕಂಡ ದೇವರಿಗೆಲ್ಲ ಕೈಮುಗಿದೆ. ಆಗಲಿಲ್ಲ.

ಬಂದವಳೇ ಅಪ್ಪನಿಗೆ ನೀರು ಕೊಟ್ಟು, ಸ್ಕೂಟರಿನ ಡಿಕ್ಕಿಯಿಂದ ಎರಡು ವೈರು ಬೆಸೆದ ಒಂದು ಪುಟ್ಟ ಬಲ್ಬು ತೆಗೆದಳು. ಒಂದು ವೈರನ್ನು ಅರ್ತಿಗೆ ಸಿಕ್ಕಿಸಬೇಕಲ್ಲ, ಸೀಟು ಎತ್ತಿದಳು. ಬೋಲ್ಟಿನ ಸುತ್ತ ಕೆಂಪು ಪೇಂಟು ಕೆರೆದು ಹೋಗಿರುವುದು, ಅದರ ಮೇಲೆ ಸವರಿದ ಗ್ರೀಸಿಗೆ ವಾರಗಟ್ಟಲೆಯ ಧೂಳು ಕೂತಿರುವುದು ಅವಳಿಗೆ ಕಂಡಿತು. ಕೈ ಅಲ್ಲೇ ನಿಂತಿತು. ಹಸುವಿನ ಹೊಟ್ಟೆ ಮುಟ್ಟಿ ಎಷ್ಟು ತಿಂಗಳು ಅಂತ ಹೇಳುವವಳು ಅವಳು. ಆ ಧೂಳಿನ ವಯಸ್ಸು ಗೊತ್ತಾಗದೆ ಇರುತ್ತದೆಯೇ?

“ಯಾವಾಗ ಕೆರೆದೆ ಅಣ್ಣ?”

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅಪ್ಪ ರಸ್ತೆಯ ಕಡೆ ನೋಡುತ್ತಿದ್ದ.

“ಮೊದಲ್ನೇ ಭಾನುವಾರ,” ಅಂದೆ.

ಅವಳು ತಲೆ ತಗ್ಗಿಸಿ ಕೆಲಸ ಮುಂದುವರಿಸಿದಳು. ಇನ್ನೊಂದು ವೈರನ್ನು ಕಾಯಿಲ್ಲಿನ ತುದಿಗೆ ಮುಟ್ಟಿಸಿದಳು, ಬಲ್ಬು ಉರಿಯಿತು. ಕಾಯಿಲ್ಲಿನಿಂದ ಪಾಯಿಂಟಿಗೆ ಹೋಗುವ ವೈರಿನ ಆ ತುದಿಗೆ ಮುಟ್ಟಿಸಿದಳು, ಉರಿಯಲಿಲ್ಲ. ಒಂದೇ ವೈರು, ಈ ತುದಿಯಲ್ಲಿ ಕರೆಂಟು ಇದೆ, ಆ ತುದಿಯಲ್ಲಿ ಇಲ್ಲ. ಬೆರಳಿನಿಂದ ಸವರುತ್ತಾ ಹೋಗಿ, ನಾನು ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದ ಜಾಗದಲ್ಲಿ ನಿಂತಳು. ಹೊರಗಿನ ರಬ್ಬರು ನೆಟ್ಟಗಿತ್ತು, ಒಳಗಿನ ತಾಮ್ರ ಕಡಿದಿತ್ತು.

“ಇಂಜಿನ್ನು ಅಲ್ಲಾಡ್ತಾ ಇರುತ್ತಲ್ಲ ಅಣ್ಣ. ಇಷ್ಟು ಬಿಗಿದ್ರೆ ಒಳಗೇ ಮುರಿಯುತ್ತೆ.”

ಪಟ್ಟಿ ಕತ್ತರಿಸಿ, ರಬ್ಬರು ಸುಲಿದು, ತಾಮ್ರ ಹೊಸೆದು ಟೇಪು ಸುತ್ತಿದಳು. ಹತ್ತು ನಿಮಿಷ ಆಗಿರಬಹುದು. ಕಿಕ್ ಹೊಡೆಯಲು ನನಗೇ ಬಿಟ್ಟಳು. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಪ್ಪನ ಮುಖ ಅರಳಿದ್ದು ಕಂಡೆ. ಬಾಯಿ ಕಹಿಯಾಯಿತು.

ಮುಳಬಾಗಿಲಿನ ಹೋಟೆಲಿನಲ್ಲಿ ಮೂವರೂ ದೋಸೆ ಮುಂದಿಟ್ಟುಕೊಂಡು ಕೂತೆವು. ಕೊನೆಗೆ ನಾನೇ ಬಾಯಿಬಿಟ್ಟೆ. ಮೊದಲ ಫೋನಿನಲ್ಲೇ ಗೊತ್ತಾಗಿತ್ತು, ಬೇಕಂತಲೇ ಹೇಳಲಿಲ್ಲ, ಮಾಲೂರಿನವರೆಗೆ ಓಡಿಸಿದ್ದೆ, ಎಲ್ಲವನ್ನೂ ಹೇಳಿದೆ. ತಂಗಿಯ ಕಣ್ಣಲ್ಲಿ ನೀರಾಡಿತು.

“ನಾನು ಆ ಮೆಕ್ಯಾನಿಕ್ಕಿನ ಹತ್ರ ಜಗಳ ಆಡ್ಬಿಟ್ಟೆ ಅಣ್ಣ, ವೈರಿಂಗ್ ಹಾಳು ಮಾಡಿದ್ದು ನೀನೇ ಅಂತ. ಪಾಪ, ಅವನು ಏನೂ ಮಾಡಿರ‍್ಲಿಲ್ಲ.” ಆಮೇಲೆ ಕೇಳಿದಳು, “ಬೇಕು ಅಂತ ಒಂದು ಮಾತು ಹೇಳ್ಬಾರ‍್ದಾಗಿತ್ತಾ?”

ನಾನು ಅಪ್ಪನ ಕಡೆ ನೋಡಿದೆ. “ನಿನ್ನ ಜೊತೆ ಇರೋನು ನಾನು. ಕೊಟ್ಟಿದ್ದು ಇವಳಿಗೆ.”

ಅಪ್ಪ ದೋಸೆಯ ತುಣುಕನ್ನು ಚಟ್ನಿಯಲ್ಲಿ ನೆನೆಸುತ್ತಾ ಹೇಳಿದ. “ಅವಳು ಕೇಳಿದ್ಲು, ಕೊಟ್ಟೆ. ನೀನು ಹುಡುಗ ಆಗಿದ್ದಾಗಿಂದ ಅದನ್ನ ಬೈತಾನೇ ಇದ್ದೆ. ಬೈಯೋನಿಗೆ ಹೆಂಗೋ ಕೊಡ್ಲಿ?”

“ಗೊತ್ತಿದ್ರೂ ಯಾಕೆ ಸುಮ್ನಿದ್ದೆ? ಐದು ವಾರ ನೋಡ್ದಲ್ಲ.”

“ನೀನು ಓಡಿಸ್ತಿದ್ದದ್ದು ಕೇಳ್ಸೋದು. ಚೆನ್ನಾಗಿತ್ತು,” ಅಂದ. ಅಷ್ಟೇ ಅಂದ.

ಹೊರಗೆ ಬಂದಾಗ ನಾನು ಚಾಚಿದ ಕೀಯನ್ನು ತಂಗಿ ನನ್ನ ಕಡೆಗೇ ತಳ್ಳಿದಳು. “ಮಾವಿನ ಸುಗ್ಗಿ ಮುಗಿಯೋ ತನಕ ಇಟ್ಕೋ ಅಣ್ಣ. ನಂಗೂ ಪುರುಸೊತ್ತಿಲ್ಲ.” ಮೋಸ ಮಾಡಿದವನಿಗೆ ಇಷ್ಟು ಸಲೀಸಾಗಿ ಕೊಡಲು ಬರುತ್ತದಲ್ಲ ಇವಳಿಗೆ ಅಂತ ಅವಳ ದೊಡ್ಡ ಮನಸ್ಸಿನ ಮೇಲೂ ಹೊಟ್ಟೆ ಉರಿಯಿತು. ಬೇಡ ಅಂದೆ. ಈ ಸಲ ಬೈಯಲಿಲ್ಲ. “ಚೆನ್ನಾಗಿದೆ ಗಾಡಿ, ನೀನೇ ಇಟ್ಕೋ,” ಅಂದೆ. ಅವಳು ಗಾಡಿ ಹತ್ತಿ ರಾಯಲ್ಪಾಡಿನ ಕಡೆ ಹೋದಳು. ಅವಳ ಸ್ಕೂಟರಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ನಾನು ಊರಿಗೆ ಬಂದೆ.

ಮುಂದಿನ ಭಾನುವಾರ ಸ್ಕೂಟರು ವಾಪಸ್ ಕೊಡಲು ಹೋದೆ. ದಾರಿಯಲ್ಲಿ ಶ್ರೀನಿವಾಸಪುರದಲ್ಲಿ ಇಳಿದು ಆ ಮೆಕ್ಯಾನಿಕ್ಕಿನ ಅಂಗಡಿ ಹುಡುಕಿ, ತಪ್ಪು ನಂದು ಅಂತ ಹೇಳಿದೆ. ಅವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದವನು ತಲೆ ಎತ್ತಿ, “ಸರೇಲೇ ಅಣ್ಣ, ಹೋಗ್ಲಿ ಬಿಡಿ,” ಅಂದ. ತಂಗಿಯ ಮನೆಯಲ್ಲಿ ಮಧ್ಯಾಹ್ನದವರೆಗೆ ಇಬ್ಬರೂ ಕೂತು ಹೊಸೆದ ವೈರು ತೆಗೆದು ಹೊಸದು ಎಳೆದೆವು. ಮೀಟರಿನಲ್ಲಿ ಅರ್ತ್ ಪರೀಕ್ಷೆ ಮಾಡುವುದನ್ನು ಅವಳಿಗೆ ತೋರಿಸಿಕೊಟ್ಟೆ. ಒಂದೇ ಸಲಕ್ಕೆ ಕಲಿತುಬಿಟ್ಟಳು. ನನಗೆ ಅದನ್ನು ಕಲಿಯಲು ಐ.ಟಿ.ಐ.ಯಲ್ಲಿ ಒಂದು ತಿಂಗಳು ಹಿಡಿದಿತ್ತು. ಎದೆಯಲ್ಲಿ ಮತ್ತೆ ಚುರ್ ಅಂದಿತು. ಸುಮ್ಮನೆ ಸ್ಪ್ಯಾನರು ಒರೆಸಿಟ್ಟೆ.

ಈಗಲೂ ತಿಂಗಳಿಗೊಮ್ಮೆ ಏನಾದರೊಂದು ತಕರಾರು ಇದ್ದೇ ಇರುತ್ತದೆ. ಈಚೆಗೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅಂತ ಫೋನು ಮಾಡಿದ್ದಳು.

“ಡೈನಮೋದ ಕಾರ್ಬನ್ ಸವೆದಿರುತ್ತೆ. ಎರಡು ಸ್ಕ್ರೂ ಬಿಚ್ಚು, ಅಲ್ಲೇ ಕಾಣುತ್ತೆ,” ಅಂದೆ.

ಮರುದಿನ ಸರಿಹೋದ ಗಾಡಿಯ ವಿಡಿಯೋ ಕಳಿಸಿದಳು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು, ಇಬ್ಬರೂ ಎರಡು ಸಲ ನೋಡಿದೆವು. “ಚೆನ್ನಾಗಿ ಓಡಿಸ್ತಾಳೆ,” ಅಂದೆ. ಅನ್ನುವಾಗ ಸ್ವಲ್ಪ ಕಷ್ಟವಾಯಿತು.